ಮಸಾಲೆ ಸೈಡರ್: ಸೇಬಿಗೆ ಒಂದು ಬಿಸಿ, ಚಕ್ಕೆಗೆ ಇನ್ನೊಂದು

ಸೇಬಿನ ರಸಕ್ಕೆ ಚಕ್ಕೆ, ಲವಂಗ ಹಾಕಿ ಕುದಿಸಿದರೆ ಮುಗಿಯಿತು, ಇದರಲ್ಲಿ ವಿವರಿಸುವುದೇನಿದೆ ಅನಿಸಬಹುದು. ಹಾಗೆ ಅರ್ಧ ಗಂಟೆ ಕುದಿಸಿದ ಸೈಡರನ್ನು ಒಮ್ಮೆ ಕುಡಿದು ನೋಡಿ. ಮನೆಯೆಲ್ಲ ಘಮಘಮ, ಲೋಟದಲ್ಲಿ ಮಾತ್ರ ಸಿಹಿ ನೀರು, ಜೊತೆಗೆ ನಾಲಿಗೆ ಜೋಮು ಹಿಡಿಸುವ ಲವಂಗದ ಘಾಟು. ಮನೆಯಲ್ಲಿ ಹರಡಿದ ಆ ಘಮವೆಲ್ಲ ಪಾತ್ರೆಯಿಂದ ಹೊರಟುಹೋದದ್ದೇ.

ತಾಜಾ ಸೇಬಿನ ಪರಿಮಳ ಬರುವುದು ಎಸ್ಟರ್ ಎಂಬ ಹಗುರ ಸಂಯುಕ್ತಗಳಿಂದ. ಕುದಿಯಲು ಬಿಟ್ಟರೆ ಹಬೆಯ ಜೊತೆ ಮೊದಲು ಹಾರುವುದು ಇವೇ. ಚಕ್ಕೆಯದು ಇದಕ್ಕೆ ತದ್ವಿರುದ್ಧ. ಅದು ಒಣಗಿದ ತೊಗಟೆ. ಬಿಸಿನೀರು ಒಳಗಿಳಿದು, ನೆನೆಸಿ, ಎಣ್ಣೆಯ ಅಂಶವನ್ನು ಹೊರಗೆಳೆಯಲು ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು. ಒಂದಕ್ಕೆ ಬಿಸಿ ತಾಳದು, ಇನ್ನೊಂದಕ್ಕೆ ಬಿಸಿಯಿಲ್ಲದೆ ಬಾಯಿ ಬಿಡಲಾಗದು. ಎರಡನ್ನೂ ಒಂದೇ ಪಾತ್ರೆಯಲ್ಲಿ ಒಂದೇ ಹೊತ್ತು ಬೇಯಿಸಿದರೆ ಒಂದಲ್ಲ ಒಂದು ಕೆಡುವುದು ಖಂಡಿತ. ಹಾಗಾಗಿ ಕಾಫಿಗೆ ಡಿಕಾಕ್ಷನ್ ಇಳಿಸಿಕೊಂಡಂತೆ ಮಸಾಲೆಯನ್ನು ಬೇರೆಯಾಗಿ ಇಳಿಸಿ, ರಸವನ್ನು ಬೇರೆಯಾಗಿ ಬಿಸಿ ಮಾಡಿ, ಕೊನೆಗೆ ಸೇರಿಸಬೇಕು. ಕೆಲಸ ಹೆಚ್ಚೇನಿಲ್ಲ, ತೊಳೆಯಲು ಒಂದು ಪಾತ್ರೆ ಹೆಚ್ಚು, ಅಷ್ಟೇ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಬ್ರಿಟನ್ನಿನಲ್ಲಿ ಸೈಡರ್ ಎಂದರೆ ಹುದುಗಿಸಿದ ಸೇಬಿನ ಮದ್ಯ. ಅಮೆರಿಕದಲ್ಲಿ ಅದೇ ಪದಕ್ಕೆ ಹುದುಗದ, ಸೋಸಿ ತಿಳಿ ಮಾಡದ, ಬಗ್ಗಡವಾದ ಕಂದು ರಸ ಎಂದರ್ಥ. ಮದ್ಯವನ್ನು ಅಲ್ಲಿ ಹಾರ್ಡ್ ಸೈಡರ್ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಅಮಲಿಲ್ಲದ ಎರಡನೆಯದರ ಬಗ್ಗೆ. ಆಪಲ್ ಸೈಡರ್ ವಿನೆಗರ್ ಮೂರನೆಯದೇ ವಸ್ತು. ಸೈಡರ್ ಹುದುಗಿ ಮದ್ಯವಾಗಿ, ಮದ್ಯ ಹುಳಿತು ವಿನೆಗರ್ ಆಗುತ್ತದೆ. ಅದನ್ನು ಬಿಸಿ ಮಾಡಿ ಮಸಾಲೆ ಹಾಕಿದರೆ ಉಪ್ಪಿನಕಾಯಿಯ ನೀರಾಗುತ್ತದೆಯೇ ಹೊರತು ಸೈಡರ್ ಆಗುವುದಿಲ್ಲ.

ಯಾವ ಸೇಬು

ಒಂದೇ ಜಾತಿಯ ಸೇಬಿನಿಂದ ಒಳ್ಳೆಯ ಸೈಡರ್ ಅಪರೂಪ. ಸಿಹಿ ಎರಡು ಪಾಲು, ಹುಳಿ ಒಂದು ಪಾಲು ಎನ್ನುವುದು ನಂಬಬಹುದಾದ ಲೆಕ್ಕ. ಸಿಹಿಗೆ ಫ್ಯೂಜಿ ಅಥವಾ ಗಾಲಾ, ಹುಳಿಗೆ ಹಸಿರು ಗ್ರ್ಯಾನಿ ಸ್ಮಿತ್. ಮ್ಯಾಕಿಂಟೋಷ್ ಸಿಕ್ಕರೆ ಅದರ ಪರಿಮಳವೇ ಬೇರೆ, ಬಿಡಬೇಡಿ. ರೆಡ್ ಡೆಲಿಶಿಯಸ್ ನೋಡಲು ಚೆಂದ, ರಸಕ್ಕೆ ಇಳಿದರೆ ಸಪ್ಪೆ. ಅದರಲ್ಲಿ ಹುಳಿ ಕಡಿಮೆ. ಬಿಸಿ ಪಾನೀಯಕ್ಕೆ ಬೆನ್ನೆಲುಬು ಕೊಡುವುದು ಆ ಹುಳಿಯೇ, ಅಂದರೆ ಸೇಬಿನ ಮುಖ್ಯ ಆಮ್ಲವಾದ ಮ್ಯಾಲಿಕ್ ಆಮ್ಲ. 100 ಗ್ರಾಂ ಸೇಬಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಇಷ್ಟು ಸಿಹಿಯನ್ನು ಹುಳಿ ತಡೆದು ನಿಲ್ಲಿಸದಿದ್ದರೆ ಎರಡನೆಯ ಗುಟುಕಿಗೇ ಮುಖ ಹೊಡೆಯುತ್ತದೆ.

ಮೂರನೆಯ ಗುಣ ಒಗರು. ಸೈಡರಿಗೆಂದೇ ಬೆಳೆಯುವ ಸೇಬುಗಳು ಟ್ಯಾನಿನ್ ತುಂಬಿಕೊಂಡು ಕಚ್ಚಿ ತಿನ್ನಲಾಗದಷ್ಟು ಒಗರಾಗಿರುತ್ತವೆ. ನಮಗೆ ಸಿಗುವ ತಿನ್ನುವ ಸೇಬಿನಲ್ಲಿ ಅದಿಲ್ಲ, ಆದ್ದರಿಂದ ಮನೆಯ ಸೈಡರ್ ಎಷ್ಟೇ ಸಿಹಿಹುಳಿಯಾಗಿದ್ದರೂ ತೆಳುವೆನಿಸುತ್ತದೆ. ಇದಕ್ಕೊಂದು ಕಳ್ಳದಾರಿ ಇದೆ: 2 ಲೀಟರ್ ಬಿಸಿ ರಸದಲ್ಲಿ ಒಂದೇ ಒಂದು ಕಪ್ಪು ಚಹಾದ ಚೀಲವನ್ನು ಮೂರು ನಿಮಿಷ ಅದ್ದಿ ತೆಗೆಯುವುದು. ಚಹಾದ ರುಚಿ ಯಾರಿಗೂ ತಿಳಿಯದು, ರಸಕ್ಕೆ ಮಾತ್ರ ಮೈ ತುಂಬಿಕೊಳ್ಳುತ್ತದೆ. ನಾಲ್ಕನೆಯ ನಿಮಿಷಕ್ಕೆ ಗುಟ್ಟು ರಟ್ಟಾಗುತ್ತದೆ.

ಸೊಟ್ಟಗಿನ, ಕಲೆ ಬಿದ್ದ, ಸಣ್ಣ ಸೇಬುಗಳು ನಡೆಯುತ್ತವೆ. ಕೊಳೆತವು ನಡೆಯುವುದಿಲ್ಲ. ಸೇಬಿನ ಮೇಲಿನ ನೀಲಿ-ಹಸಿರು ಬೂಸ್ಟು ಪೆನಿಸಿಲಿಯಂ ಎಕ್ಸ್‌ಪ್ಯಾನ್ಸಮ್. ಅದು ಪ್ಯಾಟ್ಯುಲಿನ್ ಎಂಬ ವಿಷವನ್ನು ಸ್ರವಿಸುತ್ತದೆ. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು, ಪ್ಯಾಟ್ಯುಲಿನ್ ಅಡುಗೆಯ ಬಿಸಿಗೆ ಜಗ್ಗುವುದಿಲ್ಲ. ಸೇಬಿನ ರಸದಲ್ಲಿ ಇದು ಕಿಲೋಗೆ 50 ಮೈಕ್ರೋಗ್ರಾಂ ಮೀರಬಾರದು ಎಂಬ ಮಿತಿಯನ್ನು ಅಮೆರಿಕ, ಯುರೋಪ್ ಎರಡೂ ಕಡೆ ಇಟ್ಟಿದ್ದಾರೆ. ಮೆತ್ತಗಾಗಿ ಕಂದು ತಿರುಗಿದ ಹಣ್ಣನ್ನು ಕೆತ್ತಿ ಉಳಿಸಲು ಹೋಗದೆ ಇಡಿಯಾಗಿ ಬಿಸಾಡಿ. ಮರದಿಂದ ನೆಲಕ್ಕೆ ಉದುರಿದ ಹಣ್ಣನ್ನೂ ಬಳಸಬೇಡಿ. ಕಾರಣ ಮುಂದೆ ಬರುತ್ತದೆ.

ರಸ ತೆಗೆಯುವುದು

2 ಲೀಟರ್ ರಸಕ್ಕೆ ಮೂರೂವರೆ ಕಿಲೋ ಸೇಬು ಬೇಕು. ಜ್ಯೂಸರಿನಲ್ಲಿ ಕಿಲೋಗೆ ಸುಮಾರು 600 ಮಿಲಿಲೀಟರ್ ಸಿಗುತ್ತದೆ, ಹಣ್ಣು ಹಳತಾಗಿದ್ದರೆ ಇನ್ನೂ ಕಡಿಮೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ತೊಟ್ಟಿನ ಗುಳಿಯನ್ನು ವಿಶೇಷವಾಗಿ ತಿಕ್ಕಿ, ಸಿಪ್ಪೆ ಸಮೇತ ಹೋಳು ಮಾಡಿ.

ಮಿಕ್ಸಿಯಲ್ಲಿ ತೆಗೆಯುವುದಾದರೆ ಬೀಜದ ಗೂಡನ್ನು ಕತ್ತರಿಸಿ ಹಾಕಿ. ಬೀಜದಲ್ಲಿರುವ ಅಮಿಗ್ಡಲಿನ್ ಜಜ್ಜಿದಾಗ ಸಯನೈಡ್ ಬಿಡುಗಡೆ ಮಾಡುತ್ತದೆ. ನಾಲ್ಕಾರು ಬೀಜದಿಂದ ಯಾರಿಗೂ ಏನೂ ಆಗದು, ಆದರೆ ಮೂರು ಕಿಲೋ ಸೇಬಿನ ಬೀಜ ಅರೆದರೆ ಕಹಿಯಂತೂ ಗ್ಯಾರಂಟಿ. ಕಿಲೋಗೆ ಅರ್ಧ ಲೋಟ ನೀರು ಸೇರಿಸಿ ನುಣ್ಣಗೆ ಅರೆದು, ಎರಡು ಪದರ ತೆಳು ಹತ್ತಿ ಬಟ್ಟೆಯಲ್ಲಿ ಹಾಕಿ ಹಿಂಡಿ. ಮೊದಲ ರಸ ತಾನಾಗಿ ಇಳಿಯಲಿ, ಆಮೇಲೆ ಗಂಟು ತಿರುವುತ್ತಾ ಒತ್ತಿ. ಹಿಪ್ಪೆ ಒಣ ರವೆಯಂತೆ ಉದುರುದುರಾದಾಗ ನಿಲ್ಲಿಸಿ.

ಈಗ ಪಾತ್ರೆಯನ್ನೇ ನೋಡುತ್ತಿರಿ. ಮೊದಲು ಎಳೆ ಹಸಿರು ಹಳದಿ. ಎರಡು ನಿಮಿಷದಲ್ಲಿ ನೊರೆಯ ಅಂಚು ಗೋಧಿಬಣ್ಣ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಇಡೀ ರಸ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಕೆಟ್ಟಿತೆಂದು ಗಾಬರಿಪಟ್ಟು ನಿಂಬೆ ಹಿಂಡಬೇಡಿ. ಸೇಬಿನ ಕೋಶ ಒಡೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಫಿನಾಲುಗಳನ್ನು ಕಂದಾಗಿಸುತ್ತದೆ. ಸೈಡರಿನ ಬಣ್ಣ ಅಂದರೆ ಇದೇ. ತಡೆದರೆ ಸಿಗುವುದು ಪೇಲವ ಸೇಬಿನ ಜ್ಯೂಸ್. ಬೇಕಾದ ಬಣ್ಣ ಬಂದಾಗ ಒಲೆಯ ಮೇಲಿಡಿ, ಬಿಸಿಗೆ ಕಿಣ್ವ ಸತ್ತು ಬಣ್ಣ ಅಲ್ಲಿಗೇ ನಿಲ್ಲುತ್ತದೆ.

ಜ್ಯೂಸರ್ ಇಲ್ಲ, ಹಿಂಡುವ ತಾಳ್ಮೆಯೂ ಇಲ್ಲ ಎನ್ನುವವರು 2 ಕಿಲೋ ಸೇಬನ್ನು ನಾಲ್ಕು ಹೋಳು ಮಾಡಿ ಎರಡೂವರೆ ಲೀಟರ್ ನೀರಿನಲ್ಲಿ ಮುಚ್ಚಳ ಹಾಕಿ ಒಂದು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಸೌಟಿನಿಂದ ಹಿಸುಕಿ, ಮತ್ತೆ ಅರ್ಧ ಗಂಟೆ ಬಿಟ್ಟು ಸೋಸಬಹುದು. ಬೀಜ ಇಡಿಯಾಗಿಯೇ ಉಳಿಯುವುದರಿಂದ ತೆಗೆಯಬೇಕಾಗಿಲ್ಲ. ಸೋಸುವಾಗ ಒತ್ತಬೇಡಿ, ಒತ್ತಿದರೆ ಬೆಂದ ತಿರುಳು ಇಳಿದು ಗಂಜಿಯಾಗುತ್ತದೆ. ಬರುವುದು ಬೇಯಿಸಿದ ಸೇಬಿನ ರುಚಿ, ತಾಜಾ ಸೇಬಿನದಲ್ಲ. ನೀರು ಸೇರಿರುವುದರಿಂದ ಮೂರು ನಾಲ್ಕು ದೊಡ್ಡ ಚಮಚ ಕಂದು ಸಕ್ಕರೆಯನ್ನೂ ಬೇಡುತ್ತದೆ. ಕೆಟ್ಟದ್ದೇನಲ್ಲ, ಆದರೆ ಎರಡನೆಯ ದರ್ಜೆ.

ಪೊಟ್ಟಣದ ರಸವಾದರೆ ಸಕ್ಕರೆ ಸೇರಿಸದ, ಬಗ್ಗಡವಾದದ್ದನ್ನು ಹುಡುಕಿ. ತಿಳಿ ರಸವೊಂದೇ ಸಿಕ್ಕಿದರೆ ಎರಡು ಸೇಬಿನ ಸಿಪ್ಪೆಯನ್ನು ಅದರಲ್ಲೇ ಹತ್ತು ನಿಮಿಷ ಬಿಸಿ ಮಾಡಿ ತೆಗೆಯಿರಿ. ಸೋಸುವಾಗ ಕಳೆದುಕೊಂಡ ಪೆಕ್ಟಿನ್ (ರಸಕ್ಕೆ ಮಂದತನ ಕೊಡುವ ಅಂಶ), ಒಗರು ಸ್ವಲ್ಪವಾದರೂ ಮರಳುತ್ತದೆ.

ಮಸಾಲೆಯ ಡಿಕಾಕ್ಷನ್

2 ಲೀಟರ್ ರಸಕ್ಕೆ: ಏಳೆಂಟು ಸೆಂಟಿಮೀಟರ್ ಉದ್ದದ ಚಕ್ಕೆ 3, ಲವಂಗ 6, ಆಲ್‌ಸ್ಪೈಸ್ ಕಾಳು (ಮೆಣಸಿನ ಕಾಳಿನಂಥ, ಲವಂಗದ ಘಮದ ಒಣಗಿದ ಕಾಯಿ) 8, ಚಕ್ರಮೊಗ್ಗು 1, ತೆಳುವಾಗಿ ಬಿಲ್ಲೆ ಮಾಡಿದ ಹಸಿಶುಂಠಿ 20 ಗ್ರಾಂ, ಕಿತ್ತಳೆಯ ಸಿಪ್ಪೆಯ ಎರಡು ಪಟ್ಟಿ, ನೀರು 300 ಮಿಲಿಲೀಟರ್. ಆಲ್‌ಸ್ಪೈಸ್ ಇಲ್ಲದಿದ್ದರೆ ಲವಂಗವನ್ನು 8ಕ್ಕೆ ಏರಿಸಿ. ಎರಡರ ಮುಖ್ಯ ಎಣ್ಣೆಯೂ ಯೂಜೆನಾಲ್, ಆದ್ದರಿಂದ ಒಂದರ ಜಾಗವನ್ನು ಇನ್ನೊಂದು ತುಂಬುತ್ತದೆ.

ಆರು ಲವಂಗ ಜಿಪುಣತನ ಅನಿಸಬಹುದು. ಹಿಡಿಗಟ್ಟಲೆ ಸುರಿಯುವವರು ಕೆಡಿಸಿಕೊಳ್ಳುವುದೇ ಇಲ್ಲಿ. ಹಲ್ಲುನೋವಿಗೆ ಲವಂಗದ ಎಣ್ಣೆ ಹಚ್ಚುವುದು ಯೂಜೆನಾಲ್ ಜೋಮು ಹಿಡಿಸುತ್ತದೆ ಎಂಬ ಕಾರಣಕ್ಕೇ ತಾನೆ? ಸೈಡರಿನಲ್ಲಿ ಅದು ಹೆಚ್ಚಾದರೆ ನಾಲಿಗೆ ಮರಗಟ್ಟಿ ಬೇರೆ ಯಾವ ರುಚಿಯೂ ತಿಳಿಯದು. ಸಕ್ಕರೆ ಹಾಕಿದರೂ ಅದನ್ನು ಮುಚ್ಚಲಾಗುವುದಿಲ್ಲ.

ಚಕ್ಕೆಯಲ್ಲಿ ಎರಡು ಬಗೆ. ಒಂದು ಕಾಗದದ ಸುರುಳಿಯಂತೆ ಪದರ ಪದರವಾಗಿ, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಇದು ಸಿಲೋನ್ ದಾಲ್ಚಿನ್ನಿ, ಮೆದು ಪರಿಮಳ. ಇನ್ನೊಂದು ಮರದ ಚೂರಿನಂತೆ ದಪ್ಪ, ಒಂದೇ ಪದರ, ಕೈಯಲ್ಲಿ ಮುರಿಯುವುದೇ ಕಷ್ಟ. ಇದು ಕ್ಯಾಸಿಯಾ. ಸೇಬಿನ ಹುಳಿಯ ಎದುರು ನಿಲ್ಲುವ ಖಾರ ಕ್ಯಾಸಿಯಾಗೆ ಇದೆ, ಒಂದು ಸಂಜೆಯ ಸೈಡರಿಗೆ ಅದೇ ಮೇಲು. ಆದರೆ ಅದರಲ್ಲಿ ಕೂಮರಿನ್ ಹೆಚ್ಚು, ಮಿತಿಮೀರಿದರೆ ಯಕೃತ್ತಿಗೆ ತೊಂದರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ. ಚಳಿಗಾಲವಿಡೀ ದಿನವೂ ಕುಡಿಯುವವರು ಸಿಲೋನಿನದನ್ನೇ ಬಳಸಿ, ಒಂದು ಚಕ್ಕೆ ಹೆಚ್ಚು ಹಾಕಿಕೊಳ್ಳಲಿ.

ಯಾವ ಮಸಾಲೆಯನ್ನೂ ಪುಡಿ ಮಾಡಿ ಹಾಕಬೇಡಿ. ಚಕ್ಕೆ ಪುಡಿಯಲ್ಲಿರುವ ಲೋಳೆಯ ಅಂಶ ಬಿಸಿ ದ್ರವದಲ್ಲಿ ಉಬ್ಬಿ, ಲೋಟದ ತಳದಲ್ಲಿ ಕಂದು ಲೋಳೆಯಾಗಿ ಕೂರುತ್ತದೆ. ಬಟ್ಟೆಯಲ್ಲಿ ಸೋಸಲು ಹೋದರೆ ಬಟ್ಟೆಯ ಕಣ್ಣೇ ಕಟ್ಟಿಹೋಗುತ್ತದೆ. ಜಾಯಿಕಾಯಿಗೆ ಮಾತ್ರ ರಿಯಾಯಿತಿ: ಲೋಟಕ್ಕೆ ಬಗ್ಗಿಸಿದ ಮೇಲೆ ಮೇಲಿನಿಂದ ಒಂದೆರಡು ಸಲ ತುರಿದರೆ ಸಾಕು.

ಚಕ್ಕೆಯನ್ನು ಎರಡು ತುಂಡು ಮಾಡಿ, ಲವಂಗ, ಆಲ್‌ಸ್ಪೈಸ್, ಚಕ್ರಮೊಗ್ಗಿನೊಂದಿಗೆ ಒಣ ಪಾತ್ರೆಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ. ಹುರಿಯುವುದಲ್ಲ, ಘಮ ಏಳುವವರೆಗೆ ಅಷ್ಟೇ. ನೀರು, ಶುಂಠಿ ಹಾಕಿ ಕುದಿ ಬಂದ ಕೂಡಲೇ ಉರಿ ತೀರಾ ಸಣ್ಣ ಮಾಡಿ ಮುಚ್ಚಳ ಹಾಕಿ. ಮುಚ್ಚಳ ಕಡ್ಡಾಯ. ಮಸಾಲೆಯ ಎಣ್ಣೆಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹಬೆಯನ್ನು ಹತ್ತಿ ಓಡುವುದೇ ಅವುಗಳ ಸ್ವಭಾವ. ಮುಚ್ಚಳದ ಒಳಮೈಗೆ ತಾಗಿ ತಣಿದು ಹನಿಯಾಗಿ ಮತ್ತೆ ಪಾತ್ರೆಗೇ ಬೀಳಬೇಕು. ಹದಿನೈದು ನಿಮಿಷಕ್ಕೆ ಮುಚ್ಚಳ ತೆಗೆದು ಕಿತ್ತಳೆ ಸಿಪ್ಪೆ ಹಾಕಿ, ಇನ್ನೈದು ನಿಮಿಷ ಬಿಡಿ. ಸಿಪ್ಪೆಯ ಬಿಳಿ ಭಾಗ ಕಹಿ, ಆದ್ದರಿಂದ ತರಕಾರಿ ಸಿಪ್ಪೆ ತೆಗೆಯುವ ಸಾಧನದಿಂದ ಬಣ್ಣದ ಪದರವನ್ನಷ್ಟೇ ಎತ್ತಬೇಕು. ಬೆಳಕಿಗೆ ಹಿಡಿದರೆ ಆಚೆಯದು ಮಸುಕಾಗಿಯಾದರೂ ಕಾಣುವಷ್ಟು ತೆಳು. ಸೋಸಿದಾಗ ಉಳಿಯುವುದು ಸುಮಾರು 200 ಮಿಲಿಲೀಟರ್ ಕೆಂಗಂದು ಡಿಕಾಕ್ಷನ್. ಹಾಗೇ ಕುಡಿದರೆ ಮುಖ ಕಿವುಚುವಷ್ಟು ಕಡುವಾಗಿರಬೇಕು.

ಸೇರಿಸುವುದು

ಅಳೆದ ರಸದಿಂದ ಒಂದು ಲೋಟ, ಅಂದರೆ 200 ಮಿಲಿಲೀಟರ್, ಪಕ್ಕಕ್ಕೆ ತೆಗೆದಿಡಿ. ಉಳಿದದ್ದನ್ನು ತಳ ದಪ್ಪಗಿರುವ ಸ್ಟೀಲ್ ಅಥವಾ ಎನಾಮೆಲ್ ಪಾತ್ರೆಗೆ ಹಾಕಿ. ಅಲ್ಯೂಮಿನಿಯಂ ಬೇಡ, ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯಂತೂ ಬೇಡವೇ ಬೇಡ. ಸೇಬಿನ ಆಮ್ಲ ಲೋಹವನ್ನು ತಿಂದು, ರಸಕ್ಕೆ ನಾಣ್ಯ ಚೀಪಿದಂಥ ರುಚಿ ಬರುತ್ತದೆ.

ಗುರಿ 80 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪಾತ್ರೆಯ ಅಂಚನ್ನು ಗಮನಿಸಿ: ಸುತ್ತ ಸಾಸಿವೆಯಷ್ಟು ಗುಳ್ಳೆಗಳು ಸಾಲುಗಟ್ಟುತ್ತವೆ, ಹಬೆ ಬಿಡದೆ ಏಳುತ್ತದೆ, ಮೇಲ್ಮೈ ನಡುಗುತ್ತದೆ ಆದರೆ ಒಡೆಯುವುದಿಲ್ಲ. ನಡುವಿನಲ್ಲಿ ಗುಳ್ಳೆ ಎದ್ದರೆ ದಾಟಿದಿರಿ ಎಂದರ್ಥ. ಈ ಹೊತ್ತಿಗೆ ಕಂದು ನೊರೆಯೊಂದು ಮೇಲೇಳುತ್ತದೆ, ಅದನ್ನು ಚಮಚದಿಂದ ತೆಗೆದುಬಿಡಿ. ಕೆಲವೊಮ್ಮೆ ರಸ ಒಡೆದ ಹಾಲಿನಂತೆ ಚೂರುಚೂರಾಗಿ ಕಾಣಿಸುತ್ತದೆ. ಬಿಸಿಗೆ ಪ್ರೋಟೀನ್, ಟ್ಯಾನಿನ್, ತಿರುಳು ಅಂಟಿಕೊಂಡು ಗಸಿಯಾಗುವುದು ಅದು, ಕೆಟ್ಟದ್ದಲ್ಲ. ಇಷ್ಟವಾಗದಿದ್ದರೆ ಸೋಸಿ.

ಈಗ ತೆಗೆದಿಟ್ಟ ತಣ್ಣನೆಯ ಲೋಟವನ್ನು ಸೇರಿಸಿ. ಹಾರಿಹೋದ ಪರಿಮಳದ ಒಂದಂಶವನ್ನು ಮರಳಿ ತರುವುದು ಇದೇ. 80 ಡಿಗ್ರಿಯ 1.8 ಲೀಟರಿಗೆ 25 ಡಿಗ್ರಿಯ 0.2 ಲೀಟರ್ ಬಿದ್ದರೆ ಒಟ್ಟು 74 ಡಿಗ್ರಿಯ ಸುತ್ತ ನಿಲ್ಲುತ್ತದೆ. ಸಣ್ಣ ಉರಿಯಲ್ಲಿ ಒಂದು ನಿಮಿಷ ಅಲ್ಲೇ ಇರಲಿ. ಈ ಒಂದು ನಿಮಿಷ ರುಚಿಗಲ್ಲ, ಸುರಕ್ಷತೆಗೆ. ಹಸಿ ರಸದ ಹುಳಿಯೇ ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1996ರಲ್ಲಿ ಅಮೆರಿಕದಲ್ಲಿ ಪಾಶ್ಚರೀಕರಿಸದ ಸೇಬಿನ ರಸದಿಂದ ಇ. ಕೋಲಿ ಒ157:ಎಚ್7 ಹರಡಿ, ಒಂದು ಮಗು ಸತ್ತ ಮೇಲೆ ಆ ನಂಬಿಕೆ ಬಿದ್ದುಹೋಯಿತು. ಈ ಬ್ಯಾಕ್ಟೀರಿಯಾ ಆಮ್ಲವನ್ನು ತಾಳಿಕೊಳ್ಳುತ್ತದೆ, ಇರುವುದು ದನ, ಜಿಂಕೆಗಳ ಸಗಣಿ ಹಿಕ್ಕೆಯಲ್ಲಿ. ನೆಲಕ್ಕೆ ಬಿದ್ದ ಹಣ್ಣು ಬೇಡ ಎಂದದ್ದು ಇದಕ್ಕೇ. ಮಕ್ಕಳು, ಬಸುರಿಯರು, ವಯಸ್ಸಾದವರು ಕುಡಿಯುವುದಾದರೆ ತೆಗೆದಿಡುವ ಲೋಟದ ಉಪಾಯವನ್ನೇ ಕೈಬಿಟ್ಟು ಪೂರ್ತಿ ರಸವನ್ನು ಒಮ್ಮೆ ಕುದಿ ಬರಿಸಿ ಇಳಿಸಿ. ಪರಿಮಳ ಸ್ವಲ್ಪ ಹೋಗುತ್ತದೆ, ಹೋಗಲಿ.

ಡಿಕಾಕ್ಷನ್ನನ್ನು ಒಮ್ಮೆಗೇ ಸುರಿಯಬೇಡಿ. ಮುಕ್ಕಾಲು ಪಾಲು ಹಾಕಿ, ಕಲಕಿ, ಒಂದು ಚಮಚ ತೆಗೆದು ಊದಿ ಕುಡಿಯುವ ಬಿಸಿಗೆ ತಂದು ರುಚಿ ನೋಡಿ. ಮಸಾಲೆಯನ್ನು ಬೇರೆ ಇಳಿಸುವುದರ ದೊಡ್ಡ ಲಾಭ ಇದು. ಒಟ್ಟಿಗೆ ಕುದಿಸಿದರೆ ಹೆಚ್ಚಾದ ಲವಂಗವನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ.

ರುಚಿಯನ್ನು ಕುಡಿಯುವ ಬಿಸಿಯಲ್ಲೇ ನೋಡಬೇಕೆನ್ನಲು ಕಾರಣವಿದೆ. ಸೇಬಿನಲ್ಲಿ ಹೆಚ್ಚಿಗಿರುವುದು ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ. ತಣ್ಣಗಿದ್ದಾಗ ಅದು ಮಾಮೂಲಿ ಸಕ್ಕರೆಗಿಂತ ಸಿಹಿ, ಬಿಸಿಯೇರಿದಂತೆ ಆ ಮೇಲುಗೈ ಕಳೆದುಕೊಳ್ಳುತ್ತದೆ. ತಣ್ಣನೆಯ ರಸದಲ್ಲಿ ಸರಿಯೆನಿಸಿದ ಸಿಹಿಹುಳಿಯ ಹದ ಒಲೆಯಿಂದ ಇಳಿಸುವಾಗ ಹುಳಿಯ ಕಡೆ ವಾಲಿರಬಹುದು. ಆಗ ಒಂದು ದೊಡ್ಡ ಚಮಚ ಕಂದು ಸಕ್ಕರೆ. ಸಪ್ಪೆಯೆನಿಸಿದರೆ ಮೊದಲು ಸಕ್ಕರೆಗೆ ಕೈ ಹಾಕದೆ ಒಂದು ಚಿಟಿಕೆ ಉಪ್ಪು, ಒಂದು ಚಮಚ ನಿಂಬೆರಸ ಹಾಕಿ ನೋಡಿ. ಹೆಚ್ಚಿನ ಸಲ ಕೊರತೆ ಅಲ್ಲೇ ಇರುತ್ತದೆ. ಜೇನು ಬೇಕಿದ್ದರೆ ಲೋಟಕ್ಕೆ ಹಾಕಿಕೊಳ್ಳಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದು, ಬೊಟುಲಿಸಂ ಅಪಾಯ.

ಇಷ್ಟಾದರೂ ಕಹಿ ಬಂದಿದ್ದರೆ ಕಿತ್ತಳೆಯ ಬಿಳಿ ಪದರ ಅಥವಾ ಲವಂಗವೇ ಅಪರಾಧಿ. ಒಂದಿಷ್ಟು ಹಸಿ ರಸ ಸೇರಿಸಿ ಬಿಸಿ ಮಾಡಿ ತೆಳುವಾಗಿಸುವುದೊಂದೇ ಮದ್ದು. ಸೀದ ವಾಸನೆ ಬಂದರೆ ತಳದಲ್ಲಿ ತಿರುಳು ಹಿಡಿದಿದೆ. ಕೆರೆಯಬೇಡಿ, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ.

ಕುಡಿಯಲು 60 ಡಿಗ್ರಿ ಹಿತ. 65 ದಾಟಿದ ಪಾನೀಯಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿದೆ, ಏನು ಕುಡಿದರೂ ಸರಿ, ಸುಡುಬಿಸಿಯೇ ಅನ್ನನಾಳಕ್ಕೆ ಹಾನಿ ಎಂದು. ಇಳಿಸಿದ ಮೇಲೆ ಹತ್ತು ನಿಮಿಷ ಕಾದರೆ ಪರಿಮಳವೂ ಚೆನ್ನಾಗಿ ತಿಳಿಯುತ್ತದೆ. ಗಾಜಿನ ಲೋಟವಾದರೆ ಮೊದಲು ಬಿಸಿನೀರಿನಲ್ಲಿ ತೊಳೆದುಕೊಳ್ಳಿ, ಇಲ್ಲದಿದ್ದರೆ ಬಿರುಕು ಬಿಟ್ಟೀತು. ಹೆಚ್ಚು ಜನರಿದ್ದು ಸ್ಲೋ ಕುಕ್ಕರಿನಲ್ಲಿ ಇಡುವುದಾದರೆ ‘ವಾರ್ಮ್’ ಸೆಟ್ಟಿಂಗ್, ಒಳಗೆ ಒಂದೂ ಮಸಾಲೆ ಇರಬಾರದು. ಅಲಂಕಾರಕ್ಕೆಂದು ತೇಲಿಬಿಟ್ಟ ಕಿತ್ತಳೆ ಬಿಲ್ಲೆಗಳು ಎರಡು ಗಂಟೆಯಲ್ಲಿ ಇಡೀ ಪಾತ್ರೆಯನ್ನು ಕಹಿ ಮಾಡುತ್ತವೆ. ನೋಟಕ್ಕೆ ಬೇಕೇ ಬೇಕೆಂದರೆ ಲೋಟದಲ್ಲಿ ಹಾಕಿ.

ಉಳಿದದ್ದು ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಬೇಕಾದಷ್ಟನ್ನು ಮಾತ್ರ ತೆಗೆದು ಬಿಸಿ ಮಾಡಿ. ಹೊರಗೆ ಬಿಟ್ಟರೆ ಯೀಸ್ಟ್ ಸೇರಿಕೊಂಡು ಹುದುಗಲು ತೊಡಗುತ್ತದೆ. ಬಿಗಿಯಾಗಿ ಮುಚ್ಚಿದ ಗಾಜಿನ ಸೀಸೆಯಲ್ಲಿ ಹುದುಗಿದರೆ ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ಸೀಸೆಯೇ ಸಿಡಿಯಬಹುದು; ಮುಚ್ಚಳ ತಿರುವಿದಾಗ ಬುಸ್ಸೆಂದರೆ ಚೆಲ್ಲಿಬಿಡಿ. ಫ್ರೀಜರಿನಲ್ಲಿಡುವುದಾದರೆ ಡಬ್ಬಿಯ ಮೇಲೆ ಎರಡು ಮೂರು ಸೆಂಟಿಮೀಟರ್ ಜಾಗ ಬಿಡಿ, ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ.

ಅದಕ್ಕಿಂತ ಜಾಣತನವೆಂದರೆ ಡಿಕಾಕ್ಷನ್ನನ್ನೇ ಎರಡು ಪಟ್ಟು ಮಾಡಿ, ಉಳಿದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿಡುವುದು. ಸಾಮಾನ್ಯ ಐಸ್ ಗಡ್ಡೆಯಲ್ಲಿ 20 ಮಿಲಿಲೀಟರಿನ ಆಸುಪಾಸು ಹಿಡಿಯುತ್ತದೆ. 2 ಲೀಟರಿಗೆ 200 ಎಂಬ ಲೆಕ್ಕದಲ್ಲೇ, ಒಂದು ಲೋಟ ಬಿಸಿ ರಸಕ್ಕೆ ಒಂದು ಗಡ್ಡೆ. ರಸವನ್ನು 80ಕ್ಕೆ ತಂದು, ಗಡ್ಡೆ ಹಾಕಿ, ಅದು ಕರಗುವಷ್ಟರಲ್ಲಿ ಸೈಡರ್ ಕುಡಿಯುವ ಬಿಸಿಯ ಹತ್ತಿರ ಬಂದಿರುತ್ತದೆ.